ಫಿಶ್ ಟ್ಯಾಂಕ್ ಶಿಫ್ಟ್ ಮಾಡಿಸ್ತೀರಾ? ‘ನೀಟಾಗಿ ತೊಳೆದು ಕೊಡ್ತೀವಿ’ ಅಂದರೆ ಒಪ್ಪಬೇಡಿ

ತುಮಕೂರಿನಲ್ಲಿ ಮನೆ ಬದಲಾಯಿಸುತ್ತಿರುವವರು, ಮನೆಯಲ್ಲಿ ಫಿಶ್ ಟ್ಯಾಂಕ್ ಇದ್ದರೆ ಇದನ್ನೊಮ್ಮೆ ಓದಿ. ಸಾಮಾನು ಸಾಗಿಸುವವರು ಈಗ ‘ಟ್ಯಾಂಕೂ ನಾವೇ ಶಿಫ್ಟ್ ಮಾಡಿ, ತೊಳೆದು, ಸೆಟ್ ಮಾಡಿ ಕೊಡ್ತೀವಿ’ ಅಂತಾರೆ. ಕೇಳೋಕೆ ಚೆನ್ನಾಗಿದೆ. ನಮ್ಮ ಮನೆಯ ಏಂಜಲ್ ಮೀನುಗಳು ಸತ್ತಿದ್ದು ಆ ತೊಳೆಯುವ ಕೆಲಸದಿಂದಲೇ.

ನಾವು ಎಸ್.ಎಸ್.ಪುರಂನಿಂದ ಕ್ಯಾತ್ಸಂದ್ರದ ಕಡೆಗೆ ಬಂದೆವು. ದೂರ ಏನಲ್ಲ. ಮೂರಡಿ ಉದ್ದದ ಟ್ಯಾಂಕ್. ಅದರಲ್ಲಿ ಏಂಜಲ್‌ಗಳು, ಮಾಲಿ ಮೀನುಗಳು, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಒಂದು ಸಕ್ಕರ್ ಮೀನು. ಬಂದ ಹುಡುಗರು ಅರ್ಧ ನೀರು ತೆಗೆದರು. ಉಳಿದ ನೀರು, ಕಲ್ಲು ಹಾಗೇ ಇಟ್ಟುಕೊಂಡು ಎತ್ತೋಕೆ ಹೊರಟರು. ನಮ್ಮನೆಯವರು ‘ಕಲ್ಲೂ ತೆಗೆದುಬಿಡಿ’ ಅಂದರು. ‘ಏನೂ ಆಗಲ್ಲ ಸಾರ್, ದಿನಾ ಇದೇ ಕೆಲಸ ನಮ್ದು’ ಅಂತ ಉತ್ತರ ಬಂತು.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಇಂಥ ಟ್ಯಾಂಕಿಗೆ ಸುಮಾರು 100 ಲೀಟರ್ ಹಿಡಿಯುತ್ತದೆ. ಅರ್ಧ ಖಾಲಿ ಮಾಡಿದರೂ ನೀರೇ 50 ಕೆಜಿ, ಅದರ ಮೇಲೆ ಕಲ್ಲು, ಗಾಜು. ಆ ಭಾರವನ್ನು ಎರಡು ತುದಿ ಹಿಡಿದು ಎತ್ತಿದರೆ ತಳದ ಗಾಜು ಬಾಗುತ್ತದೆ, ಗಾಜುಗಳನ್ನು ಅಂಟಿಸಿರುವ ಮೂಲೆಯ ಸಿಲಿಕೋನ್ ಅಂಟು ಬಿಡುತ್ತದೆ. ಲಗೇಜ್ ಗಾಡಿ ಹಂಪ್ ಹತ್ತಿದಾಗ ಒಳಗಿನ ನೀರು ಓಲಾಡಿ ಬಂದು ಗಾಜಿಗೆ ಹೊಡೆಯುತ್ತದೆ. ಹೊಸ ಮನೆಯಲ್ಲಿ ಇಳಿಸಿದಾಗ ತಳದ ಒಂದು ಮೂಲೆ ಜಿನುಗುತ್ತಿತ್ತು.

ಅದಕ್ಕೂ ಅವರ ಹತ್ತಿರ ಮದ್ದಿತ್ತು. ಹಳೇ ಸಿಲಿಕೋನ್ ಮೇಲೇ ಒಂದು ಗೆರೆ ಎಳೆದು, ಸಂಜೆಗೇ ನೀರು ತುಂಬಿ ಅಂದರು. ಹೊಸ ಸಿಲಿಕೋನ್ ಹಳೆಯದರ ಮೇಲೆ ಸರಿಯಾಗಿ ಕೂರುವುದಿಲ್ಲ. ಹಳೆಯದನ್ನು ಬ್ಲೇಡಿನಲ್ಲಿ ಕೆರೆದು ತೆಗೆಯಬೇಕು, ಹಚ್ಚಿದ ಮೇಲೆ ಕಡಿಮೆ ಅಂದರೆ ಒಂದು ದಿನ, ದಪ್ಪ ಇದ್ದರೆ ಎರಡು ದಿನಕ್ಕಿಂತ ಜಾಸ್ತಿ ಒಣಗಲು ಬಿಡಬೇಕು. ಬಾತ್‌ರೂಮಿಗೆ ಹಾಕುವ, ಬೂಸ್ಟು ಹಿಡಿಯದಂತೆ ಔಷಧಿ ಸೇರಿಸಿದ ಸಿಲಿಕೋನ್ ಅಂತೂ ಬೇಡವೇ ಬೇಡ. ಅದು ಮೀನಿಗೆ ವಿಷ. ಆ ರಿಪೇರಿಯನ್ನು ನಾವು ನಿಲ್ಲಿಸಿ, ಬೇರೆಯವರಿಂದ ಮಾಡಿಸಿದೆವು. ಅಲ್ಲಿಯವರೆಗೆ ಮೀನುಗಳು ಏರ್ ಪಂಪ್ ಹಾಕಿದ ಬಕೆಟ್‌ನಲ್ಲಿದ್ದವು.

ಸೋರುವುದು ಕಣ್ಣಿಗೆ ಕಾಣುತ್ತದೆ, ಹಿಡಿಯಬಹುದು. ಕಾಣದೆ ಹೋದದ್ದು ಇನ್ನೊಂದು. ಹಳೇ ಮನೆಯಲ್ಲಿ ನಾವು ಅಡುಗೆಮನೆ ಸಾಮಾನು ಕಟ್ಟುತ್ತಿದ್ದಾಗ, ಅವರಲ್ಲೊಬ್ಬ ಹುಡುಗ ಫಿಲ್ಟರ್ ಬಿಚ್ಚಿ, ಒಳಗಿನ ಸೆರಾಮಿಕ್ ರಿಂಗುಗಳನ್ನು ನಲ್ಲಿ ನೀರಿನಲ್ಲಿ ಬೆಳ್ಳಗಾಗುವವರೆಗೂ ತಿಕ್ಕಿದ್ದ. ಹಳೇ ಸ್ಪಂಜನ್ನು ಕಸಕ್ಕೆ ಹಾಕಿ ಹೊಸದನ್ನು ಕೂರಿಸಿದ್ದ, ಬಿಲ್ಲಿಗೂ ಸೇರಿಸಿದ್ದ. ‘ಎಷ್ಟು ಗಲೀಜಿತ್ತು ಗೊತ್ತಾ ಅಕ್ಕಾ’ ಅಂತ ಹೆಮ್ಮೆಯಿಂದ ಬೇರೆ ಹೇಳಿದ.

ಆ ಗಲೀಜೇ ಟ್ಯಾಂಕಿನ ಜೀವ. ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಸ್ಪಂಜು, ರಿಂಗು, ಕಲ್ಲುಗಳ ಮೇಲೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನನ್ನು ಕೊಲ್ಲುತ್ತವೆ, ಮೂರನೆಯದು ಜಾಸ್ತಿಯಾಗದಿದ್ದರೆ ತೊಂದರೆ ಕಡಿಮೆ. ಕಾರ್ಪೊರೇಷನ್ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಒಣಗಿದರೂ ಸಾಯುತ್ತವೆ, ಗಾಳಿಯಾಡದ ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಸಾಯಬಹುದು. ಮತ್ತೆ ಬೆಳೆದು ಸರಿಹೋಗೋಕೆ ನಾಲ್ಕರಿಂದ ಆರು ವಾರ ಬೇಕು.

ನಮ್ಮ ವಿಷಯದಲ್ಲಿ ನೀರೂ ಬದಲಾಗಿತ್ತು. ಹಳೇ ಮನೆಗೆ ಬರುತ್ತಿದ್ದದ್ದು ಬುಗುಡನಹಳ್ಳಿ ಕೆರೆಯಿಂದ ಕೊಡುವ ಹೇಮಾವತಿ ನೀರು. ಇಲ್ಲಿ ಬರೀ ಬೋರ್‌ವೆಲ್. ಪಾತ್ರೆ ಒಣಗಿದರೆ ಬಿಳಿ ಕಲೆ ಕೂರುವಷ್ಟು ಗಡಸು. ಇಂಥ ನೀರಿನಲ್ಲಿ ಸಾಮಾನ್ಯವಾಗಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಜಾಸ್ತಿ ಇರುತ್ತದೆ, ಆಗ ಅಮೋನಿಯಾ ಇನ್ನೂ ಕೆಟ್ಟದ್ದು. ಪಿಎಚ್ 7 ಇದ್ದದ್ದು 8 ಆದರೆ, ವಿಷವಾಗುವ ಪಾಲು ಹತ್ತಿರ ಹತ್ತು ಪಟ್ಟಾಗುತ್ತದೆ. ‘ಹಳೇ ನೀರು ಕೊಳಕು’ ಅಂತ ಅವರು ಅದನ್ನೂ ಮೋರಿಗೆ ಚೆಲ್ಲಿದ್ದರು. ಹಾಗಾಗಿ ರಿಪೇರಿಯಾದ ಟ್ಯಾಂಕಿಗೆ ಬಿದ್ದದ್ದು ಪೂರ್ತಿ ಹೊಸ ನೀರು.

ಮೊದಲು ಎಲ್ಲ ಚೆನ್ನಾಗೇ ಇತ್ತು, ನೀರು ಗಾಜಿನ ಹಾಗೆ ತಿಳಿ. ಆಮೇಲೆ ಮಂಜಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಏಂಜಲ್‌ಗಳು ರೆಕ್ಕೆ ಮುದುರಿಕೊಂಡು ಮೂಲೆಯಲ್ಲಿ ನಿಂತವು, ಮೊದಲು ಹೋದದ್ದೂ ಅವೇ. ಮಾಲಿಗಳಿಗೆ ಗಡಸು ನೀರು ಹಿಡಿಸುತ್ತದೆ, ಆದರೂ ಕೆಲವೇ ಉಳಿದವು. ಸಾಗಿಸಿದವರಿಗೆ ಫೋನ್ ಮಾಡಿದರೆ ‘ಮೀನಿಗೆ ನಾವು ಗ್ಯಾರಂಟಿ ಕೊಡಲ್ಲ ಮೇಡಂ’ ಅಂದರು.

ಉಳಿದವನ್ನು ಉಳಿಸಿದ್ದು ನಮ್ಮ ಪರಿಚಯದವರ ಟ್ಯಾಂಕಿನಿಂದ ತಂದ ಒಂದು ಕೊಳಕು ಸ್ಪಂಜು. ಅದನ್ನು ನಮ್ಮ ಫಿಲ್ಟರಿಗೆ ಸೇರಿಸಿ, ದಿನಾ ಕಾಲು ಭಾಗ ನೀರು ಬದಲಾಯಿಸಿ, ಆಹಾರ ತೀರಾ ಕಡಿಮೆ ಮಾಡಿದೆವು. ಅಮೋನಿಯಾ ಟೆಸ್ಟ್ ಕಿಟ್ ಒಂದನ್ನು ತಂದಿಟ್ಟುಕೊಳ್ಳಿ. ನೀರು ನೋಡಿ ಏನೂ ಗೊತ್ತಾಗಲ್ಲ.

ನೀವು ಮಾಡಿಸುವಾಗ ಹೀಗೆ ಮಾಡಿಸಿ. ಹಿಂದಿನ ದಿನದಿಂದಲೇ ಮೀನಿಗೆ ಆಹಾರ ಬೇಡ, ದಾರಿಯಲ್ಲಿ ನೀರು ಕೆಡುವುದು ಕಡಿಮೆಯಾಗುತ್ತದೆ. ಹೀಟರ್ ಇದ್ದರೆ ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಆರಿದ ಮೇಲೇ ನೀರು ಇಳಿಸಿ. ಇಲ್ಲದಿದ್ದರೆ ಅದರ ಗಾಜು ಬಿರುಕು ಬಿಡುತ್ತದೆ. ಅರ್ಧದಷ್ಟಾದರೂ ಹಳೇ ನೀರನ್ನು ಮುಚ್ಚಳದ ಬಕೆಟ್‌ಗಳಲ್ಲಿ ತುಂಬಿಸಿಕೊಳ್ಳಿ. ಫಿಲ್ಟರಿನ ಸ್ಪಂಜು, ರಿಂಗುಗಳನ್ನು ಅದೇ ನೀರಿರುವ ತೆರೆದ ಬಕೆಟ್‌ನಲ್ಲಿ ಮುಳುಗಿಸಿಡಿ, ಯಾರ ಕೈಗೂ ಕೊಡಬೇಡಿ. ಮೀನಿನ ಕವರಿನಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ ಇರಲಿ. ಸಕ್ಕರ್‌ಗೆ ಎರಡು ಕವರ್ ಹಾಕಿ, ಅದರ ರೆಕ್ಕೆಯ ಮುಳ್ಳು ಪ್ಲಾಸ್ಟಿಕ್ ಚುಚ್ಚುತ್ತದೆ. ಮೀನು ನಿಮ್ಮ ಜೊತೆಗೇ ಬರಲಿ, ಲಗೇಜ್ ಗಾಡಿಯಲ್ಲಿ ಬೇಡ. ಟ್ಯಾಂಕ್ ಪೂರ್ತಿ ಖಾಲಿ ಇರಲಿ, ಕಲ್ಲು ಕೂಡ ಆಚೆ. ಹೊಸ ಜಾಗದಲ್ಲಿ ಸ್ಟ್ಯಾಂಡ್ ಮಟ್ಟ ನೋಡಿ, ಕೆಳಗೆ ಥರ್ಮಾಕೋಲ್ ಶೀಟ್ ಹಾಕಿ ಕೂರಿಸಿ. ಹೊಸ ನೀರು ಕಾರ್ಪೊರೇಷನ್ನಿನದಾದರೆ ಆಂಟಿ ಕ್ಲೋರಿನ್ ಹನಿ ಹಾಕಿ.

ಹಣದ ವಿಷಯದಲ್ಲಿ ಮೊದಲೇ ಮಾತಾಡಿ. ಟ್ಯಾಂಕಿನ ಪಾಲನ್ನು ಪೂರ್ತಿ ಅಡ್ವಾನ್ಸ್ ಕೊಡಬೇಡಿ. ನೀರು ತುಂಬಿ ಒಂದು ರಾತ್ರಿ ಕಳೆದ ಮೇಲೆ, ತಳ ಒಣಗಿದ್ದರೆ ಉಳಿದದ್ದು ಕೊಡುತ್ತೇವೆ ಅಂತ ವಾಟ್ಸಾಪಿನಲ್ಲೇ ಬರೆಸಿಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಮಂಚ, ಬೀರು ಅವರು ಸಾಗಿಸಲಿ. ಖಾಲಿ ಟ್ಯಾಂಕನ್ನು ಮನೆಯವರೇ ಇಬ್ಬರು ಸೇರಿ ಕಾರಿನಲ್ಲಿ ತರಬಹುದು.