407ರ ಚಾಸಿಗೆ ಎಪಾಕ್ಸಿ: ಮೂರು ಮಳೆಗಾಲ ಕಳೆದ ಮೇಲೆ ಕಪ್ಪು ಬಣ್ಣದ ಮೇಲೊಂದು ದೂರು

ಮೀನು ಹೊತ್ತ ಗಾಡಿ ಬೇಡವೇ ಬೇಡ ಅಂತ ಎಲ್ಲರೂ ಹೇಳಿದ್ದರು. ಐಸು ಕರಗಿದ ಉಪ್ಪುನೀರು ವರ್ಷಗಟ್ಟಲೆ ಸೋರಿದರೆ ಚಾಸಿಯ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ, ಗತಿ ಏನಾಗ್ತದೆ ಅಂತ ಕಡಲ ಬದಿಯ ಮಂಜೇಶ್ವರ, ಉಪ್ಪಳದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂಜಿನ್ ಚೆನ್ನಾಗಿತ್ತು, ಕ್ರಯ ನನ್ನ ಕೈಗೆಟುಕುವಷ್ಟಿತ್ತು. ಪೆರ್ಲದಿಂದ ಅಡಿಕೆ, ಸೋಗೆ, ಹಟ್ಟಿಗೊಬ್ಬರ ಸಾಗಿಸಲು ನನಗೊಂದು ಟಾಟಾ 407 ಬೇಕೇ ಬೇಕಿತ್ತು. 2022ರ ಮಾರ್ಚಿನಲ್ಲಿ ಗಾಡಿ ಅಂಗಳಕ್ಕೆ ಬಂತು. ಹಿಂದಿನ ಲೀಫ್ ಸ್ಪ್ರಿಂಗಿನ ಬ್ರಾಕೆಟ್ ಹತ್ತಿರ ಸುತ್ತಿಗೆಯಲ್ಲಿ ಒಂದೇಟು ಹಾಕಿದೆ. ಹಲಸಿನ ಹಪ್ಪಳದಷ್ಟು ಅಗಲದ ಚಕ್ಕೆ ಪಾದದ ಮೇಲೆ ಬಿತ್ತು. ನೋಡುತ್ತಿದ್ದ ಬಾವ ಏನೂ ಹೇಳಲಿಲ್ಲ. ಅದೇ ಹೆಚ್ಚು ಬೇಸರ ತಂದದ್ದು.

ನಮ್ಮಲ್ಲಿ ಸಾಮಾನ್ಯವಾಗಿ ಮಾಡುವುದು ಎರಡೇ. ಫಿಟ್‌ನೆಸ್ ಟೆಸ್ಟಿಗೆ ಮುಂಚೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಕಪ್ಪು ಬಳಿಯುವುದು, ಇಲ್ಲವಾದರೆ ಮಳೆಗಾಲಕ್ಕೆ ಮುಂಚೆ ಇಂಜಿನ್ನಿನ ಹಳೆ ಆಯಿಲ್ ಚಿಮುಕಿಸುವುದು. ಆಯಿಲ್ ಬಿದ್ದಲ್ಲಿ ರಬ್ಬರ್ ಬುಷ್ ಉಬ್ಬಿ ಹಾಳಾಗ್ತದೆ, ಧೂಳು ಮೆತ್ತಿಕೊಳ್ತದೆ, ಆಮೇಲೆ ಬಣ್ಣ ಹಿಡಿಯುವುದೂ ಇಲ್ಲ. ನಾನು ಅಡಿಗೆ ಎರಡು ಡಬ್ಬದ ಎಪಾಕ್ಸಿ ಪ್ರೈಮರ್ (ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್), ಅದರ ಮೇಲೆ ಕಪ್ಪು ಪಿಯು (ಪಾಲಿಯುರೆಥೇನ್) ಬಣ್ಣ ಅಂತ ನಿಶ್ಚಯಿಸಿದೆ. ಕಂಪನಿ ಹೆಸರು ಬಿಡಿ, ಎಲ್ಲ ದೊಡ್ಡ ಅಂಗಡಿಯಲ್ಲೂ ಇಂಥದ್ದು ಸಿಗ್ತದೆ.

ಶೆಡ್ಡಿನ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಬಾಡಿ ಎತ್ತಿದ್ದು ಒಂದು ದಿನ. ಬಾವನ ಗ್ರೈಂಡರಿಗೆ ತಂತಿಯ ಕಪ್ ಬ್ರಶ್ ಸಿಕ್ಕಿಸಿ ಉಜ್ಜಿದ್ದು ಐದು ದಿನ. ಚಾಸಿ ನಂಬರ್ ಕೊರೆದ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಲಿಲ್ಲ. ಅಲ್ಲಿ ಹಲ್ಲುಜ್ಜುವ ಹಳೆ ಬ್ರಶ್ಶಿಗೆ ಡೀಸೆಲ್ ಅದ್ದಿ ತಿಕ್ಕಿ, ಒರೆಸಿ, ಕಾಗದ ಇಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದು ನೋಡಿದೆ. ಎಲ್ಲ ಅಂಕಿಯೂ ಮೂಡಿತು. ಆ ಅಂಕಿ ಸವೆದರೆ ಗಾಡಿಯೇ ನಿಮ್ಮದಲ್ಲ ಅಂದ ಹಾಗೆ.

ಎಪಾಕ್ಸಿಯ ಉಪದ್ರ ಇರುವುದು ಕಲಸುವುದರಲ್ಲಿ. ನನ್ನ ಡಬ್ಬದಲ್ಲಿ ಬರೆದಿದ್ದದ್ದು ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡ್ನರ್. ಸ್ಟೀಲ್ ಲೋಟದಲ್ಲಿ ಅಳೆದು, ಕಲಸಿ, ಇಪ್ಪತ್ತು ನಿಮಿಷ ಹಾಗೇ ಬಿಡಬೇಕು. ಆ ಇಪ್ಪತ್ತು ನಿಮಿಷ ನಮಗೆ ಚಾ ಕುಡಿಯಲು ಸರಿಹೋಗುತ್ತಿತ್ತು. ಮೊದಲನೇ ದಿನ ಸಂಜೆ ಗುಡುಗು ಮಳೆ ಬಂತು, ಗಾಳಿಯಲ್ಲೆಲ್ಲ ತೇವ. ಮರುದಿನ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟಂಟು. ಅಷ್ಟನ್ನೂ ಥಿನ್ನರ್ ಹಾಕಿ ಒರೆಸಿ ತೆಗೆದೆವು. ಆಮೇಲೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಮಾತ್ರ ಕೆಲಸ. ಬ್ರಶ್ ಹೋಗದ ಮೂಲೆಗಳಿಗೆ ತುಕ್ಕು ಕಪ್ಪಾಗಿಸುವ ಆಸಿಡ್ ದ್ರಾವಣ ಬಳಿದೆ, ಚೆನ್ನಾಗಿ ತೊಳೆದು ಒಣಗಿಸಿಯೇ ಪ್ರೈಮರ್ ಹಚ್ಚಿದೆ. ಆಸಿಡ್ ಉಳಿದರೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಕಪ್ಪು ಬಳಿದು ಮುಗಿದ ದಿನ ಗಾಡಿಯ ಅಡಿಗೆ ಗೋಣಿ ಹಾಸಿ ಸುಮ್ಮನೆ ಮಲಗಿದ್ದೆ, ನೋಡುವುದಕ್ಕೆಂದೇ. ಬ್ಯಾಟರಿ ಪೆಟ್ಟಿಗೆಯ ಹಿಂದೆ ಒಂದೂವರೆ ಅಡಿಯಷ್ಟು ಜಾಗಕ್ಕೆ ಬಣ್ಣ ಸಾಲಲಿಲ್ಲ. ಪ್ರೈಮರಿನ ಬೂದಿ ಬಣ್ಣ ಹಾಗೇ ಉಳಿಯಿತು. ಇನ್ನೊಂದು ಡಬ್ಬ ತಂದು ಮುಗಿಸಿದರಾಯ್ತು ಅಂತ ಬಿಟ್ಟದ್ದು, ಮೇ ಕೊನೆಯ ಪತ್ತನಾಜೆ ಬಂತು, ಮಳೆ ಬಂತು, ಮರೆತೇ ಹೋಯಿತು.

ಅಂದಿನಿಂದ ಆದಿತ್ಯವಾರದ ನನ್ನ ಕ್ರಮ ಇದು: ತೋಟಕ್ಕೆ ಮದ್ದು ಬಿಡುವ ಪಂಪಿನಲ್ಲೇ ಗಾಡಿಯ ಅಡಿ ತೊಳೆಯುವುದು. ಪಂಪಿನಲ್ಲಿ ಉಳಿದ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ಮದ್ದು, ಮೊದಲು ಹೋಗಬೇಕು. ಸುಣ್ಣ ಕಡಿಮೆಯಾದ ಬೋರ್ಡೋಗೆ ಕತ್ತಿ ಅದ್ದಿದರೆ ತಾಮ್ರ ಹತ್ತುವುದನ್ನು ನೋಡಿದವರಿಗೆ ಮೈಲುತುತ್ತು ಬರೀ ಕಬ್ಬಿಣಕ್ಕೆ ಏನು ಮಾಡ್ತದೆ ಅಂತ ಗೊತ್ತು. ನೀರು ಸೋರಿ ನಿಂತ ಮೇಲೆ ಟಾರ್ಚು, ಪುಟ್ಟ ಸುತ್ತಿಗೆ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತುಕ್ಕು ಕೂತದ್ದು ದಬ್ ಅನ್ನುತ್ತದೆ. ಎರಡು ವರ್ಷ ಎಲ್ಲ ಕಡೆ ಟಣ್. ಯಾರು ಕೇಳಿದರೂ ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಿ ಅನ್ನುತ್ತಿದ್ದೆ.

2024ರ ಮಳೆಗಾಲದಲ್ಲಿ, ಆಟಿ ತಿಂಗಳ ಒಂದು ಆದಿತ್ಯವಾರ, ಬೂದಿ ಬಣ್ಣದ ಆ ತುಂಡಿನಲ್ಲಿ ಒಂದು ರಿವೆಟಿನ ಕೆಳಗೆ ಕಂದು ಗೆರೆ ಕಂಡಿತು. ಅಳು ಒರೆಸದ ಮಗುವಿನ ಕೆನ್ನೆಯ ಹಾಗೆ, ಬೆರಳುದ್ದ. ಕೆರೆದು, ಕಾಲು ಲೋಟ ಪ್ರೈಮರ್ ಕಲಸಿ ಹಚ್ಚಿದೆ, ಅರ್ಧ ಗಂಟೆಯ ಕೆಲಸ. ಸಂಶಯ ಬಂದು ಅಂದೇ ಇಡೀ ಚಾಸಿಯನ್ನು ಅಂಗುಲ ಅಂಗುಲ ಕುಟ್ಟಿದೆ. ಹಿಂದಿನ ಬ್ರಾಕೆಟಿನ ಮೇಲೆ, ಎರಡು ಪ್ಲೇಟು ಕೂಡುವಲ್ಲಿ, ದಬ್. ಕಪ್ಪು ಬಣ್ಣ ಹೊಳೆಯುತ್ತಲೇ ಇತ್ತು. ಉಳಿ ಒತ್ತಿದರೆ ಬಣ್ಣದ ಸಿಪ್ಪೆ ಇಡಿಯಾಗಿ ಎದ್ದಿತು, ಅಡಿಯಲ್ಲಿ ಪದರ ಪದರ ತುಕ್ಕು. ಅದು ನಿನ್ನೆ ಮೊನ್ನೆ ಹತ್ತಿದ್ದಲ್ಲ. ಪ್ರತಿ ವಾರ ಟಾರ್ಚು ಹಾಕಿ ನೋಡಿದ್ದೇನೆ, ಸುತ್ತಿಗೆಯೂ ಒಂದೆರಡು ಅಂಗುಲ ಆಚೆಯೇ ಬಡಿದಿರಬೇಕು. ನಮ್ಮೂರಿನ ಕೆಂಪು ಮಣ್ಣು, ತುಕ್ಕು ಎರಡೂ ಒಂದೇ ಬಣ್ಣ. ಒದ್ದೆ ಕಪ್ಪಿನ ಮೇಲೆ, ಗಾಡಿಯ ಅಡಿಯ ಕತ್ತಲಲ್ಲಿ, ಎರಡೂ ಕಾಣುವುದಿಲ್ಲ. ಬೂದಿ ಬಣ್ಣದ ಮೇಲೆ ಮಣ್ಣು ತೊಳೆದು ಹೋಗ್ತದೆ, ತುಕ್ಕಿನ ಕಲೆ ನಿಲ್ತದೆ.

"ಬಾವ, ಮೇಲೆ ಬಣ್ಣ ಇಲ್ಲದ್ದಕ್ಕೇ ಅಲ್ಲಿ ತುಕ್ಕು ಬಂದದ್ದು. ಬಣ್ಣದ್ದೆಂಥ ತಪ್ಪು?" ಅಂದ ಬಾವ. ಇರಬಹುದು ಮಾರಾಯ. ಪ್ರೈಮರ್ ಒಂದೇ ಸಾಲದು, ಒಪ್ಪಿದೆ. ಆದರೆ ಬೆರಳುದ್ದದ ಗೆರೆಗೆ ನನಗೆ ಹೋದದ್ದು ಅರ್ಧ ಗಂಟೆ. ಹೊಳಪಿನ ಅಡಿಯ ತುಕ್ಕಿಗೆ ಬಾಡಿ ಎತ್ತಿ, ರಿವೆಟ್ ಕತ್ತರಿಸಿ, ಪ್ಲೇಟು ಬಿಡಿಸಿ ಉಜ್ಜಿ, ಬೋಲ್ಟು ಕೂರಿಸಲು ಆರು ಸಾವಿರ.

ಮೊದಲ ಸಲದ ಒಟ್ಟು ಖರ್ಚು, ಇಬ್ಬರ ಕೂಲಿಯೂ ಸೇರಿ, ಹತ್ತೊಂಬತ್ತು ಸಾವಿರ ಚಿಲ್ಲರೆ. ಪ್ರೈಮರಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಪ್ಲೇಟುಗಳ ಸಂದಿಗೆ ಅದು ಇಳಿಯುವುದಿಲ್ಲ, ಸಾಮಾನ್ಯ ಪ್ರೈಮರ್ ಯಾವುದೂ ಸರಿಯಾಗಿ ಇಳಿಯುವುದಿಲ್ಲ. ಕಪ್ಪು ಪಿಯು ಬಣ್ಣಕ್ಕೆ ಎಷ್ಟು ಕೊಡಲಿ? ಹೊಳಪು ಹೋಗಿಲ್ಲ, ಕಲ್ಲು ಹಾರಿದರೂ ಹೆಚ್ಚು ಕಿತ್ತಿಲ್ಲ, ಹೇಳಿದ್ದನ್ನೆಲ್ಲ ಮಾಡಿದೆ. ಅದೇ ಬಣ್ಣ ತಿಳಿ ಬೂದಿಯಲ್ಲೂ ಸಿಗುತ್ತಿತ್ತು, ಕ್ರಯವೂ ಅಷ್ಟೇ. ಅಂಗಡಿಯವನು ಕೇಳಲಿಲ್ಲ, ನಾನೂ ಕೇಳಲಿಲ್ಲ, ಚಾಸಿ ಅಂದರೆ ಕಪ್ಪು. ವರ್ಷಕ್ಕೆ ಒಂದೇ ಸಲ, ಟೆಸ್ಟಿನ ಹಿಂದಿನ ದಿನ, ಗಾಡಿಯ ಅಡಿಗೆ ಬಗ್ಗುವವರಿಗೆ ಕಪ್ಪೇ ಸಾಕು. ಆದಿತ್ಯವಾರ ಮಲಗಿ ನೋಡುವ ಹುಚ್ಚಿದ್ದರೆ ಬೂದಿ ಕೇಳಿ ತೆಗೆದುಕೊಳ್ಳಿ.

ಹಿಂದಿನ ಅರ್ಧಕ್ಕೆ ಈಗ ಬೂದಿ ಬಳಿದಾಗಿದೆ. ಗ್ಯಾರೇಜಿನವರು ಬಣ್ಣ ಮುಗಿಯಿತಾ ಅಂತ ಕೇಳಿ ನಗ್ತಾರೆ. ಮುಂದಿನ ಅರ್ಧ ಇನ್ನೂ ಕಪ್ಪು. ಈ ಸಲದ ಅಡಿಕೆ ಸುಲಿದು ಮುಗಿದ ಮೇಲೆ, ಪತ್ತನಾಜೆಯೊಳಗೆ ಅದನ್ನೂ ಉಜ್ಜಬೇಕು. ಬಾವನೂ ಬರ್ತೇನೆ ಅಂದಿದ್ದಾನೆ, ಗ್ರೈಂಡರ್ ಅವನದ್ದೇ ಅಲ್ಲವಾ.