ಕಾಳಜಿ ಕೇಂದ್ರವೋ, ಗುಳೆ ಹೋಗುವವರ ಮಕ್ಕಳ ವಸತಿ ನಿಲಯವೋ?

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳ ನದಿದಂಡೆಯ ಕುಟುಂಬಗಳು ಕಾಳಜಿ ಕೇಂದ್ರಗಳನ್ನು, ಅಂದರೆ ನೆರೆ ಸಂತ್ರಸ್ತರ ತಾತ್ಕಾಲಿಕ ಆಶ್ರಯತಾಣಗಳನ್ನು, ಸೇರಿದವು. ಸುಗ್ಗಿ ಮುಗಿಸಿ ಕೂಲಿ ಅರಸಿ ಬೆಂಗಳೂರು, ಪುಣೆ, ಮುಂಬೈಗಳಿಗೆ ಹೊರಡುವ ಗುಳೆಯಾದರೋ ವರ್ಷವರ್ಷದ ಮಾತು. ಯಾವ ಕಡೆಯ ಹದಿಹರೆಯದವರಿಗೆ ನೆರವಾಗಬೇಕೆಂದು ಯೋಚಿಸುತ್ತಿರುವ ಯುವಕ ಸಂಘಗಳಿಗಾಗಿ ಈ ಹೋಲಿಕೆ.

ಕಾಳಜಿ ಕೇಂದ್ರದ ಕೆಲಸ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳದ್ದು. ಊಟ, ಹಾಸಿಗೆಯನ್ನು ಜಿಲ್ಲಾಡಳಿತ ನೋಡಿಕೊಳ್ಳುತ್ತದೆ; ಹುಡುಗಿಯರಿಗೆ ಮುಟ್ಟಿನ ಪ್ಯಾಡ್, ಚಿಲಕವಿರುವ ಶೌಚಾಲಯ, ನೆನೆದುಹೋದ ಅಂಕಪಟ್ಟಿಯ ಬದಲಿ ಪ್ರತಿ, ಇವು ಸುಲಭವಾಗಿ ಮರೆತುಹೋಗುವ ಸಂಗತಿಗಳು. ಖರ್ಚು ಕಡಿಮೆ, ಫಲ ಕೂಡಲೇ ಕಾಣುತ್ತದೆ.

ಗುಳೆಯದು ಬೇರೆ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದವರನ್ನಷ್ಟೇ ಒಳಗೊಳ್ಳುವುದರಿಂದ, ಒಂಬತ್ತನೆಯ ತರಗತಿಯ ಹೊತ್ತಿಗೆ ತಂದೆತಾಯಿಯೊಡನೆ ಹೊರಟವರು ಶಾಲೆಗೆ ಮರಳುವುದು ಕಷ್ಟ. ಹುಡುಗಿಯಾದರೆ, ಊರಲ್ಲಿ ಒಬ್ಬಳನ್ನೇ ಬಿಡುವುದೆಂತು ಎಂಬ ಅಂಜಿಕೆಯಲ್ಲಿ ಮದುವೆಯ ಮಾತೂ ಏಳುತ್ತದೆ. ಶಾಲಾ ಶಿಕ್ಷಣಕ್ಕೆಂದಿರುವ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನದ ವಸತಿ ನಿಲಯಗಳಿಗೆ, ಅಂದರೆ ಹೆತ್ತವರು ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದುವ ನಿಲಯಗಳಿಗೆ, ಅವಕಾಶವಿದೆ. ಆದರೆ ಯಾರು ಗುಳೆ ಹೊರಡುತ್ತಾರೆಂಬ ಮನೆಮನೆಯ ಪಟ್ಟಿ ಮೊದಲೇ ಸಿದ್ಧವಿಲ್ಲದಿದ್ದರೆ, ನಿಲಯ ತೆರೆಯುವಷ್ಟರಲ್ಲಿ ಓಣಿಯೇ ಖಾಲಿಯಾಗಿರುತ್ತದೆ. ಆ ಪಟ್ಟಿ ಮಾಡಲು ಊರಿನ ಯುವಕರಿಗಿಂತ ಬಲ್ಲವರಿಲ್ಲ. ಶಾಲೆ ಬಿಟ್ಟಾಗಿದ್ದರೆ, 14 ತುಂಬಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯುವ ದಾರಿಯುಂಟು.

ಸಂಘದಲ್ಲಿ ಹತ್ತು ಜನರಿದ್ದು, ವರ್ಷಪೂರ್ತಿ ಸಿಗುವವರು ಇಬ್ಬರೇ ಆದರೆ ಕಾಳಜಿ ಕೇಂದ್ರವನ್ನೇ ಆರಿಸಿಕೊಳ್ಳಿರಿ. ಮೂರು ವರ್ಷ ಬಿಡದೆ ನಿಲ್ಲುವ ಧೈರ್ಯವಿದ್ದರೆ ಗುಳೆಯ ಮಕ್ಕಳತ್ತ ಹೋಗಿರಿ. ನನ್ನ ಒಲವೂ ಅತ್ತಲೇ. ಎರಡೂ ಕಡೆ ಮಕ್ಕಳ ಸಹಾಯವಾಣಿ 1098 ಎಂಬುದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿರಿ.