ಕಚೇರಿಗೆ ಮಲ್ಟಿ-ಸೆಲ್ ಡೆಕ್ಟ್ ಫೋನ್: ಉಪಕರಣ ಚೆನ್ನಾಗಿದೆ, ಕೆಡುವುದು ಅಳವಡಿಸುವಾಗ
ಗೋದಾಮು, ಆಸ್ಪತ್ರೆ, ಹೋಟೆಲುಗಳಲ್ಲಿ ಓಡಾಡುತ್ತ ಮಾತಾಡುವವರಿಗೆ ಮಲ್ಟಿ-ಸೆಲ್ ಡೆಕ್ಟ್, ಅಂದರೆ ಗೋಡೆಗೆ ಹಾಕಿದ ಹಲವು ಬೇಸ್ ಸ್ಟೇಷನ್ನುಗಳ ನಡುವೆ ಕರೆ ಕಡಿಯದೆ ಓಡಾಡಬಲ್ಲ ಕಾರ್ಡ್‌ಲೆಸ್ ಫೋನುಗಳ ವ್ಯವಸ್ಥೆ, ಈಗಲೂ ಒಳ್ಳೆಯ ಆಯ್ಕೆ. ಅದಕ್ಕೆ ತನ್ನದೇ ರೇಡಿಯೊ ಆವರ್ತನದ ಪಟ್ಟಿ (ಬ್ಯಾಂಡ್) ಇರುವುದರಿಂದ ವೈ-ಫೈ ಗದ್ದಲ ತಟ್ಟುವುದಿಲ್ಲ. ನಿಯಮಪಾಲನೆಗೆ ಅಂಕ ಕೊಡುವಾಗ ಮಾತ್ರ ಸ್ವಲ್ಪ ತಡೆದು ನೋಡಬೇಕು. ಕಾರ್ಖಾನೆಯಿಂದ ಸರಿಯಾಗಿಯೇ ಬಂದ ಬೇಸ್ ಸ್ಟೇಷನ್ನನ್ನು ಗೋಡೆಗೆ ಹಾಕುವ ಹೊತ್ತಿಗೆ ನಿಯಮ ಮೀರುವಂತೆ ಮಾಡಿಬಿಡುವುದು ಬಹಳ ಸುಲಭ.

ಮೊದಲ ಎಡವಟ್ಟು ಪ್ರದೇಶದ್ದು. ಯುರೋಪಿನ ಮಾದರಿ ಓಡುವುದು 1880–1900 ಮೆಗಾಹರ್ಟ್ಸ್‌ನಲ್ಲಿ, ಗರಿಷ್ಠ 250 ಮಿಲಿವಾಟ್‌ನಲ್ಲಿ. ಅಮೆರಿಕದ್ದು 1920–1930ರಲ್ಲಿ, ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ. (‘ಡೆಕ್ಟ್ 6.0’ರಲ್ಲಿರುವ 6ಕ್ಕೂ ಆವರ್ತನಕ್ಕೂ ಸಂಬಂಧವಿಲ್ಲ, ಅದು ಮಾರಾಟಕ್ಕಿಟ್ಟ ಹೆಸರು.) ಅಗ್ಗಕ್ಕೆ ಸಿಕ್ಕಿತೆಂದು ಒಂದು ಕಡೆಯದನ್ನು ಇನ್ನೊಂದು ಕಡೆ ಹಾಕಿದರೂ ಫೋನು ರಿಂಗಾಗುತ್ತದೆ, ಮಾತೂ ಕೇಳುತ್ತದೆ. ಅಪಾಯ ಇರುವುದೇ ಅಲ್ಲಿ. ಎರಡೂ ಕಡೆ ಅದರ ಅಲೆ ಬೀಳುವುದು ಮೊಬೈಲ್‌ಗಳು ಟವರ್ ಕಡೆಗೆ ಸಂಕೇತ ಕಳಿಸುವ ಆವರ್ತನ ಪಟ್ಟಿಯ ಮೇಲೆ. ದೂರು ಬರುವುದು ನಿಮ್ಮ ಸಿಬ್ಬಂದಿಯಿಂದಲ್ಲ, ಮೊಬೈಲ್ ಕಂಪನಿಯಿಂದ. ಆದ್ದರಿಂದ ಡಬ್ಬಿ ಬಿಚ್ಚಿದ ಕೂಡಲೇ ಬೇಸ್, ಹ್ಯಾಂಡ್‌ಸೆಟ್, ರಿಪೀಟರ್ (ಬೇಸಿನ ಸಂಕೇತವನ್ನು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಮೂರರ ಲೇಬಲ್ಲನ್ನೂ ಓದಿ. ಮೂರರಲ್ಲೂ ಬಳಸುವ ದೇಶದ ಅನುಮೋದನೆಯ ಗುರುತು ಇರಬೇಕು: ಯುರೋಪಿಗೆ ಸಿಇ, ಅಮೆರಿಕಕ್ಕೆ ಎಫ್‌ಸಿಸಿ ಐಡಿ. ಸೆಟ್ಟಿಂಗ್‌ನಲ್ಲಿ ಪ್ರದೇಶ ಬದಲಿಸುವ ಆಯ್ಕೆ ಕಂಡರೂ ಲೇಬಲ್ ಹೇಳಿದ್ದನ್ನು ಬಿಟ್ಟು ಬೇರೆಯದನ್ನು ಒತ್ತಬೇಡಿ.

ಸಾಮರ್ಥ್ಯದ ಲೆಕ್ಕವೂ ಇದರಿಂದಲೇ ಬದಲಾಗುತ್ತದೆ. ಯುರೋಪಿನಲ್ಲಿ 10 ವಾಹಕಗಳು (ರೇಡಿಯೊ ಚಾನೆಲ್ಲುಗಳು), ಒಂದೊಂದರಲ್ಲಿ 12 ಮಾತಿನ ದಾರಿ, ಒಟ್ಟು 120. ಅಮೆರಿಕದಲ್ಲಿ ವಾಹಕ 5, ದಾರಿ 60. ಯುರೋಪಿಗೆ ಮಾಡಿದ ಬೇಸುಗಳ ನಕ್ಷೆಯನ್ನು ಅಮೆರಿಕಕ್ಕೆ ಹಾಗೇ ಎತ್ತಿ ಹಾಕಿದರೆ ಜನದಟ್ಟಣೆಯ ಮಹಡಿಯಲ್ಲಿ ಕರೆ ಹೋಗದಿರಬಹುದು.

ಆಗ ಕೈ ಹೋಗುವುದು ದೊಡ್ಡ ಆಂಟೆನಾದ ಕಡೆಗೆ. ಬೇಡ. ಅನುಮೋದನೆ ಸಿಕ್ಕಿರುವುದು ಬೇಸ್ ಮತ್ತು ಅದರ ಜೊತೆ ಪರೀಕ್ಷೆಗೆ ಒಳಪಟ್ಟ ಆಂಟೆನಾ, ಎರಡಕ್ಕೂ ಸೇರಿ. ಇನ್ನೊಂದು ಬೇಸ್ ಹೆಚ್ಚಿಸುವುದೇ ಸರಿಯಾದ ದಾರಿ. ಬೇಸುಗಳು ಗಾಳಿಯಲ್ಲೇ ಸಿಂಕ್ ಆಗುವ (ತಂತಿಯಿಲ್ಲದೆ ರೇಡಿಯೊ ಮೂಲಕವೇ ಸಮಯ ಹೊಂದಿಸಿಕೊಳ್ಳುವ) ಮಾದರಿಯಾದರೆ ಹೊಸ ಬೇಸಿಗೆ ಪಕ್ಕದ ಬೇಸ್ ಚೆನ್ನಾಗಿ ಕೇಳಿಸಬೇಕು. ಲಿಫ್ಟ್ ಓಡಾಡುವ ಗೂಡು, ಕಬ್ಬಿಣದ ಕಪಾಟು ಅಡ್ಡ ಬಂದರೆ ಸಿಂಕ್ ತಪ್ಪಿ, ಹ್ಯಾಂಡ್‌ಸೆಟ್ ಒಂದು ಬೇಸಿನಿಂದ ಇನ್ನೊಂದಕ್ಕೆ ದಾಟುವಾಗ ಕರೆ ಕಡಿಯುತ್ತದೆ. ರಿಪೀಟರ್ ಅಗ್ಗ, ಆದರೆ ಹಳೆಯ ಕೆಲವು ರಿಪೀಟರ್‌ಗಳ ಜೊತೆ ಮಾತನ್ನು ಬೇರೆಯವರು ಕದ್ದು ಕೇಳದಂತೆ ಕಾಯುವ ಗೂಢಲಿಪೀಕರಣವನ್ನೇ ಆಫ್ ಮಾಡಬೇಕಾಗುತ್ತದೆ. ರೋಗಿಗಳ ವಿಷಯ ಮಾತಾಡುವ ಕಡೆ ಅದು ಒಪ್ಪುವಂಥದ್ದಲ್ಲ. ಕಾರ್ಖಾನೆಯ 0000 ಪಿನ್ ಅನ್ನೂ ಅವತ್ತೇ ಬದಲಿಸಿ.

ಇಂಥ ವ್ಯವಸ್ಥೆಗಳಿಗೆ ಅತಿ ಕಡಿಮೆ ಅಂಕ ಸಿಗುವುದು ತುರ್ತು ಕರೆಯಲ್ಲಿ. ಅಮೆರಿಕದಲ್ಲಿ 2020ರ ಫೆಬ್ರವರಿ 16ರ ನಂತರ ಅಳವಡಿಸಿದ ವ್ಯವಸ್ಥೆಯಲ್ಲಿ ಹೊರಗಿನ ಕರೆಗೆ ಮೊದಲು ಒತ್ತುವ 9 ಇಲ್ಲದೆ ನೇರವಾಗಿ 911ಕ್ಕೆ (ಅಲ್ಲಿನ ತುರ್ತು ಸಂಖ್ಯೆ) ಕರೆ ಹೋಗಬೇಕು, ಕರೆ ಹೋದದ್ದು ಆ ಕಟ್ಟಡದ ಹೊಣೆಗಾರರಿಗೂ ತಿಳಿಯಬೇಕು. ಕರೆ ಮಾಡಿದವರು ಇರುವ ಜಾಗದ ವಿವರದ ಬಗ್ಗೆಯೂ ನಿಯಮವಿದೆ. ತಂತಿ ಫೋನಿಗೆ ಇದು ಸುಲಭ, ಕಾರ್ಡ್‌ಲೆಸ್‌ಗೆ ತಲೆನೋವು: ವಿಳಾಸವನ್ನು ಎಕ್ಸ್‌ಟೆನ್ಶನ್ನಿಗೆ ಕಟ್ಟಿಹಾಕಿದ್ದರೆ ನಾಲ್ಕನೇ ಮಹಡಿಯಿಂದ ಕರೆದರೂ ಸ್ವಾಗತ ಕೌಂಟರಿನ ವಿಳಾಸವೇ ಹೋಗುತ್ತದೆ. ಬೇಸ್‌ವಾರು ಜಾಗ ಕಳಿಸಬಲ್ಲ ಮಾದರಿಯನ್ನೇ ಕೊಳ್ಳಿ. ಹಾಗಿದ್ದರೂ ಬೇಸಿನ ಅಲೆ ಮೇಲಿನ ಮಹಡಿಗೂ ಸೋರುವುದರಿಂದ ಪ್ರತಿ ಮಹಡಿಯಲ್ಲೂ, ತುರ್ತು ಕೇಂದ್ರಕ್ಕೆ ಮೊದಲೇ ತಿಳಿಸಿ, ಪರೀಕ್ಷಾ ಕರೆ ಮಾಡಿ ಬರೆದಿಡಬೇಕು.

ಕರೆಂಟು ಹೋದಾಗ ಬೇಸಿಗಷ್ಟೇ ಯುಪಿಎಸ್ ಕೊಟ್ಟರೆ ಸಾಲದು. ಅದಕ್ಕೆ ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ ಕೊಡುವ ಪಿಒಇ ಸ್ವಿಚ್, ರೂಟರ್, ಕಾಲ್ ಸರ್ವರ್ ಎಲ್ಲವೂ ಅದೇ ಯುಪಿಎಸ್ ಮೇಲಿರಬೇಕು. ಇನ್ನು ಬ್ಯಾಟರಿ: ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಇರುವ ಹ್ಯಾಂಡ್‌ಸೆಟ್ಟಿಗೆ ಅಂಗಡಿಯ ಆಲ್ಕಲೈನ್ ಸೆಲ್ ತುರುಕಿ ಚಾರ್ಜಿಗಿಟ್ಟರೆ ಸೋರುತ್ತದೆ, ಒಡೆಯಲೂಬಹುದು.